ಕದವಿಕ್ಕದ ಕೋಣೆಯ ಸಂತ

ಮನಶ್ಶಾಂತಿಯನ್ನು ಅರಸುವವರಿಗೆ ಲೋಕವು ಬಹುಮಟ್ಟಿಗೆ ತೋರಿಸುವ ದಾರಿ ಒಂದೇ: ಜನರಿಂದ ದೂರ ಸರಿದು ಕದವಿಕ್ಕಿ ಕುಳಿತುಕೊಳ್ಳುವುದು. ಪ್ರಾಚೀನ ರೋಮಿನ ಸ್ತೋಯಿಕ ಚಿಂತಕರು ಸಹ ಅಂತರಂಗವನ್ನು ಹೊರಗಿನ ಯಾವ ಗದ್ದಲವೂ ಮುಟ್ಟಲಾಗದ ಕೋಟೆಯಾಗಿ ಕಟ್ಟಿಕೊಳ್ಳಬೇಕೆಂದು ಬೋಧಿಸಿದರು. ತತ್ತ್ವಶಾಸ್ತ್ರದ ತರಗತಿಯಲ್ಲಿ ಕುಳಿತು ಓದುವಾಗ ಈ ಮಾತು ಬಹಳ ಚೆಂದವಾಗಿ ತೋರುತ್ತದೆ. ಆದರೆ ಅದೇ ರೋಮ್ ನಗರದಲ್ಲಿ, ಹದಿನಾರನೆಯ ಶತಮಾನದಲ್ಲಿ, ಕೋಟೆಗೆ ಬದಲಾಗಿ ಒಂದು ತೆರೆದ ಕೋಣೆಯನ್ನು ಇಟ್ಟುಕೊಂಡು ಎಂಬತ್ತರ ಹೊಸ್ತಿಲವರೆಗೂ ನಗುನಗುತ್ತ ಬಾಳಿದವರೊಬ್ಬರಿದ್ದರು. ಮೇ 26ರಂದು ಧರ್ಮಸಭೆ ಸ್ಮರಿಸುವ ಸಂತ ಫಿಲಿಪ್ ನೇರಿ ಅವರೇ ಆ ಮಹನೀಯರು.

ಫಿಲಿಪರು 1515ರ ಜುಲೈ 21ರಂದು ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ತಂದೆ ದಸ್ತಾವೇಜು ಬರೆಯುವ ನೋಟರಿ, ಸಿರಿವಂತರೇನಲ್ಲ. ಹದಿನೆಂಟರ ಹರೆಯದಲ್ಲಿ ಮಗನನ್ನು ವ್ಯಾಪಾರ ಕಲಿಯಲೆಂದು ಸಾನ್ ಜೆರ್ಮಾನೋ ಎಂಬಲ್ಲಿನ ಬಂಧುವಿನ ಬಳಿಗೆ ಕಳುಹಿಸಿದರು. ಆ ಬಂಧುವಿನ ಆಸ್ತಿ ಫಿಲಿಪರ ಕೈಸೇರುವ ಸಂಭವವಿತ್ತು. ಅವರಾದರೋ ಅದೆಲ್ಲವನ್ನೂ ತೊರೆದು ಬರಿಗೈಯಲ್ಲಿ ರೋಮಿಗೆ ನಡೆದರು. ಅಲ್ಲಿ ಫ್ಲಾರೆನ್ಸಿನವರೇ ಆದ ಒಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳುತ್ತ, ತತ್ತ್ವಶಾಸ್ತ್ರ ಹಾಗೂ ದೈವಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ಕೆಲಕಾಲದ ನಂತರ ಗ್ರಂಥಗಳನ್ನೂ ಮಾರಿ, ಬಂದ ಹಣವನ್ನು ಬಡವರಿಗೆ ಹಂಚಿದರು.

ಅವರು ಏಕಾಂತವನ್ನು ಅರಿಯದವರಾಗಿದ್ದರೆಂದು ಯಾರೂ ಭಾವಿಸಬಾರದು. ನಗರದ ಹೊರವಲಯದಲ್ಲಿ, ಸಂತ ಸೆಬಾಸ್ಟಿಯನರ ಹೆಸರಿನ ಭೂಗತ ಸಮಾಧಿಗಳ ಕತ್ತಲಲ್ಲಿ ಅವರು ರಾತ್ರಿಗಟ್ಟಲೆ ಪ್ರಾರ್ಥಿಸುತ್ತಿದ್ದರು. 1544ರ ಪೆಂತೆಕೋಸ್ತ್ ಹಬ್ಬದ ವೇಳೆಗೆ ಅಲ್ಲಿ ಬೆಂಕಿಯುಂಡೆಯೊಂದು ತಮ್ಮ ಹೃದಯವನ್ನು ಹೊಕ್ಕಂತೆ ಅವರಿಗೆ ಅನುಭವವಾಯಿತು. ಅಂದಿನಿಂದ ಅವರ ಎದೆಬಡಿತ ಪಕ್ಕದಲ್ಲಿದ್ದವರಿಗೂ ಗೊತ್ತಾಗುವಷ್ಟು ಬಲವಾಗಿತ್ತು. ಮರಣಾನಂತರ ದೇಹವನ್ನು ಪರೀಕ್ಷಿಸಿದ ವೈದ್ಯರು ಹೃದಯದ ಮೇಲಿನ ಎರಡು ಪಕ್ಕೆಲುಬುಗಳು ಮುರಿದು ಹೊರಬಾಗಿದ್ದುದನ್ನು ಕಂಡರು. ಇದಕ್ಕೆ ಕಾರಣವೇನೆಂಬ ಚರ್ಚೆಯನ್ನು ನಾವು ವೈದ್ಯರಿಗೇ ಬಿಡೋಣ. ನಮ್ಮ ಗಮನ ಸೆಳೆಯುವುದು ಬೇರೊಂದು ಸಂಗತಿ. ಅಷ್ಟು ದೊಡ್ಡ ಅನುಭವವನ್ನು ಪಡೆದವರು ಆ ಕತ್ತಲಲ್ಲೇ ನೆಲೆನಿಲ್ಲಲಿಲ್ಲ. ಅಂಗಡಿಬೀದಿಗಳಲ್ಲಿ, ಆಸ್ಪತ್ರೆಗಳಲ್ಲಿ, ಕೆಲಸಗಾರರ ನಡುವೆ ಓಡಾಡಿ ಗೆಳೆತನ ಬೆಳೆಸಿದರು. 1548ರಲ್ಲಿ ತಮ್ಮ ಪಾಪನಿವೇದನೆಯ ಗುರುಗಳೊಡನೆ ಸೇರಿ ಯಾತ್ರಿಕರಿಗೂ ಆಸ್ಪತ್ರೆಯಿಂದ ಹೊರಬಂದ ನಿರ್ಗತಿಕ ರೋಗಿಗಳಿಗೂ ನೆರವಾಗುವ ಸಂಘವೊಂದನ್ನು ಕಟ್ಟಿದರು. ಆ ಗುರುಗಳ ಒತ್ತಾಯದಿಂದಲೇ 1551ರಲ್ಲಿ, ಮೂವತ್ತೈದು ದಾಟಿದ ಮೇಲೆ, ಯಾಜಕದೀಕ್ಷೆ ಪಡೆದರು.

ಸಾನ್ ಜಿರೋಲಾಮೋ ದೇವಾಲಯದ ಪಕ್ಕದ ಅವರ ಕೋಣೆ ಹೊತ್ತುಗೊತ್ತಿಲ್ಲದೆ ಎಲ್ಲರಿಗೂ ತೆರೆದಿರುತ್ತಿತ್ತು. ತಾವು ವಿಶ್ರಾಂತಿಯಲ್ಲಿರುವುದಾಗಿ ಹೇಳಿ ಯಾರನ್ನೂ ಹಿಂದಿರುಗಿಸಕೂಡದೆಂದು ಮನೆಯವರಿಗೆ ಕಟ್ಟಪ್ಪಣೆ ಮಾಡಿದ್ದರು. ಪಾಪನಿವೇದನೆಗೆ ಬಂದ ತರುಣರು ಮಧ್ಯಾಹ್ನ ಅಲ್ಲಿಯೇ ಉಳಿದು ಮಾತಿಗೆ ಕುಳಿತರು. ಮಾತು ಪ್ರಾರ್ಥನೆಯಾಯಿತು, ಪ್ರಾರ್ಥನೆಗೆ ಸಂಗೀತ ಸೇರಿತು. ಕೋಣೆ ಸಾಲದಾದಾಗ ದೇವಾಲಯದ ಅಟ್ಟವನ್ನೇ ಪ್ರಾರ್ಥನಾಲಯವಾಗಿ ಮಾಡಿಕೊಂಡರು. ಓರೆಟರಿ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಕಾರ್ನಿವಲ್ ದಿನಗಳಲ್ಲಿ ನಗರವೆಲ್ಲ ಮೋಜಿನಲ್ಲಿ ಮುಳುಗಿರುವಾಗ ಫಿಲಿಪರು ತಮ್ಮವರನ್ನು ಕರೆದುಕೊಂಡು ಹಾಡುತ್ತ ಏಳು ಮಹಾದೇವಾಲಯಗಳಿಗೆ ಕಾಲ್ನಡಿಗೆಯಲ್ಲಿ ಹೊರಡುತ್ತಿದ್ದರು. ದಾರಿಯ ತೋಟವೊಂದರಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕುಳಿತು ರೊಟ್ಟಿ, ಮೊಟ್ಟೆ, ಗಿಣ್ಣು, ಹಣ್ಣುಗಳನ್ನು ಹಂಚಿ ತಿನ್ನುತ್ತಿದ್ದರು. ಶ್ರೀಮಂತನೂ ಕಮ್ಮಾರನೂ ಅಲ್ಲಿ ಒಂದೇ ಪಂಕ್ತಿ.

ತೆರೆದ ಬಾಗಿಲಿನಿಂದ ಒಳ್ಳೆಯವರು ಮಾತ್ರ ಒಳಬರುವುದಿಲ್ಲವಷ್ಟೆ. ಸಾನ್ ಜಿರೋಲಾಮೋದಲ್ಲೇ ಇದ್ದ ಕೆಲವರು ಎರಡು ವರ್ಷಗಳಷ್ಟು ಕಾಲ ಅವರಿಗೆ ಬಲಿಪೂಜೆಯ ವಸ್ತ್ರಗಳನ್ನು ಬಚ್ಚಿಟ್ಟು, ಬಾಗಿಲು ಹಾಕಿ ಪೀಡಿಸಿದರು. 1559ರಲ್ಲಿ ಹೊಸ ಪಂಥ ಕಟ್ಟುತ್ತಿದ್ದಾರೆಂಬ ಆರೋಪ ಬಂದು, ಕೆಲವು ದಿನ ಪಾಪನಿವೇದನೆ ಕೇಳದಂತೆ ನಿಷೇಧವೂ ಆಯಿತು. ಅವರು ಎದುರುತ್ತರ ಕೊಡದೆ ಸಹಿಸಿದರು. ನಿಷೇಧ ತೊಲಗಿತು, ಪೀಡಿಸಿದವರಲ್ಲೊಬ್ಬನು ಕಡೆಗೆ ಅವರ ಮಿತ್ರನೇ ಆದನು.

ಸುಮಾರು 1557ರಲ್ಲಿ ಅವರ ಮನಸ್ಸನ್ನು ಬೇರೊಂದು ಹಂಬಲ ಕಲಕಿತ್ತು. ಸಂತ ಫ್ರಾನ್ಸಿಸ್ ಝೇವಿಯರರ ಪತ್ರಗಳನ್ನು ಗೆಳೆಯರೊಡನೆ ಓದಿ, ಭಾರತಕ್ಕೆ ಹೊರಟು ಕ್ರಿಸ್ತರಿಗಾಗಿ ಪ್ರಾಣಕೊಡಲು ಅವರು ಸಿದ್ಧರಾದರು. ಸಿಸ್ಟರ್ಸಿಯನ್ ಸನ್ಯಾಸಿಯೊಬ್ಬರ ಸಲಹೆ ಕೇಳಿದಾಗ, ರೋಮ್ ನಗರವೇ ಅವರ ಪಾಲಿನ ಭಾರತವೆಂಬ ಉತ್ತರ ಬಂದಿತು. ಫಿಲಿಪರು ಮರುಮಾತಿಲ್ಲದೆ ನಿಂತರು. ಅವರು ಬರಲಾಗದಿದ್ದರೂ ಅವರ ಓರೆಟರಿ ಭಾರತಕ್ಕೆ ಬಂದಿತು. 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ ಊರೂರು ಸುತ್ತಿದ ಸಂತ ಜೋಸೆಫ್ ವಾಜ್ ಅವರು ಗೋವೆಗೆ ಮರಳಿ, 1685ರಲ್ಲಿ ಅಲ್ಲಿನ ಗುರುಗಳನ್ನು ಈ ಮಾದರಿಯಲ್ಲೇ ಸಂಘಟಿಸಿದರು. ಮುಡಿಪು ಬೆಟ್ಟ ಹತ್ತುವ ನಮ್ಮ ಜನರಲ್ಲಿ ಎಷ್ಟು ಮಂದಿಗೆ ಈ ನಂಟು ತಿಳಿದಿದೆಯೋ!

ಜನರ ಗೌರವ ಮಿತಿಮೀರಿದಾಗ ಫಿಲಿಪರು ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬರುತ್ತಿದ್ದರು. ಗಣ್ಯರು ಸಂತನ ದರ್ಶನಕ್ಕೆಂದು ಬಂದರೆ ನಗೆಪುಸ್ತಕ ಓದಿಸುತ್ತ ಕೂರುತ್ತಿದ್ದರು. ಇವುಗಳಲ್ಲಿ ಕೆಲವು ನಮಗೆ ಅತಿಯೆನಿಸುವುದುಂಟು. ಆದರೆ ಮನುಷ್ಯರನ್ನು ಅವರು ಓದಿದ ಬಗೆಯನ್ನು ಮಾತ್ರ ಎಷ್ಟು ಹೊಗಳಿದರೂ ಸಾಲದು. ಕಾನೂನು ಓದಲು ರೋಮಿಗೆ ಬಂದ ಸೀಸರ್ ಬರೋನಿಯಸ್ ಎಂಬ ತರುಣನಿಗೆ ಮಾತೆತ್ತಿದರೆ ಮರಣ ಮತ್ತು ನರಕ. ಆ ಕತ್ತಲೆಯಲ್ಲಿ ಅವನನ್ನು ಬಿಡದೆ, ಧರ್ಮಸಭೆಯ ಇತಿಹಾಸವನ್ನು ಜನರಿಗೆ ಹೇಳುವಂತೆ ಫಿಲಿಪರು ವಿಧಿಸಿದರು. ತರುಣನಿಗೆ ಇಷ್ಟವಿರಲಿಲ್ಲ. ಆದರೂ ವಿಧೇಯನಾಗಿ ವರ್ಷಗಟ್ಟಲೆ ಹೇಳಿದ್ದನ್ನೇ ಮತ್ತೆ ಆರಂಭದಿಂದ ಹೇಳಿದನು. ಆ ಉಪನ್ಯಾಸಗಳೇ ಹನ್ನೆರಡು ಸಂಪುಟಗಳ ಇತಿಹಾಸವಾಗಿ 1588ರಿಂದ ಪ್ರಕಟವಾಗತೊಡಗಿದವು.

1575ರಲ್ಲಿ ಪೋಪ್ 13ನೆಯ ಗ್ರೆಗೊರಿಯವರು ಓರೆಟರಿಗೆ ಮಾನ್ಯತೆಯನ್ನಿತ್ತು ವಾಲಿಚೆಲ್ಲಾದ ದೇವಾಲಯವನ್ನು ಒಪ್ಪಿಸಿದರು. ಫಿಲಿಪರು ತಾವು ಅಲ್ಲಿಗೆ ವಾಸ ಬದಲಿಸಿದ್ದು 1583ರಲ್ಲಿ. ಹಳೆಯ ಕೋಣೆಯಲ್ಲೇ ಉಳಿದ ಬೆಕ್ಕಿಗೆ ದಿನವೂ ಊಟ ಕೊಟ್ಟುಬರಲು ಶಿಷ್ಯರನ್ನು ಕಳುಹಿಸುತ್ತಿದ್ದರು.

1595ರ ಮೇ 25, ಪರಮಪ್ರಸಾದದ ಮಹೋತ್ಸವ. ವೃದ್ಧ ಫಿಲಿಪರು ಅಂದು ಬಲಿಪೂಜೆ ಅರ್ಪಿಸಿ, ದಿನವಿಡೀ ಬಂದವರ ಪಾಪನಿವೇದನೆ ಕೇಳಿ, ಎಲ್ಲರೊಡನೆ ಹರ್ಷದಿಂದ ಮಾತನಾಡಿದರು. ನಡುರಾತ್ರಿ ಕಳೆದ ಮೇಲೆ ರಕ್ತಸ್ರಾವವಾಯಿತು. ಮನೆಯ ಗುರುಗಳೆಲ್ಲ ಓಡಿಬಂದು ಸುತ್ತ ಮಂಡಿಯೂರಿದರು. ಆ ವೇಳೆಗೆ ಓರೆಟರಿಯ ಮುಖ್ಯಸ್ಥರಾಗಿದ್ದ ಬರೋನಿಯಸರು ಮಕ್ಕಳನ್ನು ಆಶೀರ್ವದಿಸಬೇಕೆಂದು ಬೇಡಿದರು. ಮಾತು ನಿಂತುಹೋಗಿತ್ತು. ಫಿಲಿಪರು ಕಣ್ಣು ತೆರೆದು ಮೇಲೆ ನೋಡಿದರು, ಬಳಿಕ ಅವರೆಲ್ಲರತ್ತ ದೃಷ್ಟಿ ಹರಿಸಿ ಕೈಯನ್ನು ತುಸುವೇ ಎತ್ತಿದರು.