ನೆಹರೂ ಅಳಿಯ ಕೇಳಿದ ಲೆಕ್ಕ

ಸರ್ಕಾರಿ ಕಂಪನಿ ಅಂದ್ರೆ ಜನರ ಕಂಪನಿ ಅಂತ ಹೇಳೋದು ಸುಲಭ. ಅದರ ಲೆಕ್ಕ ಕೇಳೋರು ಯಾರು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಫಿರೋಜ್ ಗಾಂಧಿ ನೆನಪಾಗ್ತಾರೆ. ಬಹಳ ಜನಕ್ಕೆ ಅವರು ಇಂದಿರಾ ಗಂಡ, ನೆಹರೂ ಅಳಿಯ, ಅಷ್ಟೇ.

1912ರಲ್ಲಿ ಮುಂಬೈನ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಫಿರೋಜ್, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು, 1952ರಲ್ಲಿ ರಾಯ್‌ಬರೇಲಿಯಿಂದ ಲೋಕಸಭೆಗೆ ಬಂದರು. 1955ರ ಡಿಸೆಂಬರ್‌ನಲ್ಲಿ ಉದ್ಯಮಿ ದಾಲ್ಮಿಯಾ ತಮ್ಮ ವಿಮಾ ಕಂಪನಿಯ ಹಣವನ್ನು ಹೇಗೆ ಬೇರೆಡೆಗೆ ತಿರುಗಿಸಿದ್ದರು ಅನ್ನೋದನ್ನು ಸದನದಲ್ಲಿ ಬಿಚ್ಚಿಟ್ಟರು. ಮರುವರ್ಷ ಜೀವವಿಮೆ ರಾಷ್ಟ್ರೀಕರಣವಾಗಿ, 245 ಸಂಸ್ಥೆಗಳು ಸೇರಿ ಎಲ್‌ಐಸಿ ಹುಟ್ಟಿತು.

ಅದೇ 1956ರಲ್ಲಿ ಅವರು ಖಾಸಗಿ ಮಸೂದೆಯೊಂದನ್ನು ಪಾಸು ಮಾಡಿಸಿದರು. ಅಲ್ಲಿವರೆಗೆ ಸಂಸದ ಸದನದಲ್ಲಿ ಏನು ಬೇಕಾದರೂ ಹೇಳಬಹುದಿತ್ತು, ಆದರೆ ಅದನ್ನು ಅಚ್ಚು ಹಾಕಿದ ಪತ್ರಿಕೆ ಮೇಲೆ ಮಾನನಷ್ಟ ಕೇಸು ಬೀಳಬಹುದಿತ್ತು. ಸದನದ ಕಲಾಪವನ್ನು ಪ್ರಾಮಾಣಿಕವಾಗಿ ವರದಿ ಮಾಡೋರಿಗೆ ಈ ಕಾನೂನು ರಕ್ಷಣೆ ಕೊಟ್ಟಿತು.

ನಿಜವಾದ ಪರೀಕ್ಷೆ ಬಂದಿದ್ದು 1957ರಲ್ಲಿ. ಹೊಸದಾಗಿ ಹುಟ್ಟಿದ ಎಲ್‌ಐಸಿ, ಹರಿದಾಸ್ ಮುಂದ್ರಾ ಅನ್ನೋ ವ್ಯಾಪಾರಿಯ ಆರು ಕಂಪನಿಗಳ ಷೇರಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿದಿತ್ತು. ಆ ಕಂಪನಿಗಳು ಮೊದಲೇ ಸಂಕಷ್ಟದಲ್ಲಿದ್ದವು. ಹೂಡಿಕೆ ಸಮಿತಿಯನ್ನು ಮುಂಚಿತವಾಗಿ ಕೇಳಿರಲೇ ಇಲ್ಲ. ರಾಷ್ಟ್ರೀಕರಣ ಬೇಕು ಅಂದವರೇ ಫಿರೋಜ್. ಪಕ್ಷ ತಮ್ಮದು, ಪ್ರಧಾನಿ ಮಾವ. ಸುಮ್ಮನಿರೋಕೆ ಎಷ್ಟು ಕಾರಣ ಬೇಕು ನೋಡಿ! ಆದರೂ ಡಿಸೆಂಬರ್‌ನಲ್ಲಿ ಎದ್ದು ನಿಂತು ಕೇಳಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. ಕಾರ್ಯದರ್ಶಿ ಮಾಡಿದ ಕೆಲಸಕ್ಕೂ ಮಂತ್ರಿಯೇ ಹೊಣೆ ಅಂದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಸರ್ಕಾರ ಕೊಳ್ಳುವ ಸರಕಿನ ದರವನ್ನೂ ಫಿರೋಜ್ ಬಿಡಲಿಲ್ಲ. ಟೆಲ್ಕೋದ ರೈಲು ಎಂಜಿನ್‌ಗೆ ಜಪಾನಿ ಎಂಜಿನ್ನಿನ ಹೆಚ್ಚುಕಮ್ಮಿ ಎರಡು ಪಟ್ಟು ಬೆಲೆ ಕೊಡ್ತಿದ್ದೇವೆ ಅಂತ ತಕರಾರು ತೆಗೆದರು. ಟಾಟಾಗಳೂ ಪಾರ್ಸಿಗಳೇ, ಸ್ವಂತ ಸಮುದಾಯದವರಿಗೇ ಸಿಟ್ಟು ಬಂತು.

1960ರ ಸೆಪ್ಟೆಂಬರ್ 8ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 48 ಕೂಡ ತುಂಬಿರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಹೆಂಡತಿಯ ಸರ್ಕಾರವೇ ಅವರ ಕಾನೂನನ್ನು ಕಿತ್ತುಹಾಕಿತು. ಮರುವರ್ಷ ಜನತಾ ಸರ್ಕಾರ ವಾಪಸ್ ತಂದಿತು.

ಇಂಜಿನಿಯರಿಂಗ್ ಓದಿದ ನನಗೆ ಟೆಂಡರ್ ಅಂದ್ರೆ ಮೊದಲು ಕಾಣೋದು ತಾಂತ್ರಿಕ ವಿವರ. ಫಿರೋಜ್ ಕಲಿಸೋದು ಬೇರೆ ಮೂರು ಪ್ರಶ್ನೆ: ಈ ದರವನ್ನು ಯಾವುದಕ್ಕೆ ಹೋಲಿಸಿದ್ರಿ? ಯಾವ ಸಮಿತಿಯನ್ನು ಕೇಳದೆ ಬಿಟ್ರಿ? ಕೊನೆಗೆ ಸಹಿ ಯಾರದ್ದು? ನಮ್ಮ ಕೈಯಲ್ಲಿ ಈಗ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸಂಸದರೇ ಆಗಬೇಕಿಲ್ಲ. ಆದರೆ ನಮ್ಮ ಪಕ್ಷ, ನಮ್ಮವರು ಅಧಿಕಾರದಲ್ಲಿದ್ದಾಗಲೂ ಆ ಅರ್ಜಿ ಹಾಕ್ತೀವಾ?