ನೇಗಿಲಿನ ಕಿರ್ಲೋಸ್ಕರರು

ನಮ್ಮ ಹಳಿಯಾಳ, ಮುಂಡಗೋಡು ಸೀಮೆಯ ಒಕ್ಕಲಿಗರಿಗೆ ಕಿರ್ಲೋಸ್ಕರ ಎಂಬ ಹೆಸರು ಹೊಸದಲ್ಲ. ಬಾವಿಯ ದಂಡೆಯ ಮೇಲಿನ ಪಂಪಿನಲ್ಲಿ ಅದನ್ನು ಕಂಡವರು ಅನೇಕರುಂಟು. ಆದರೆ ಅದು ಊರಿನ ಹೆಸರೋ ಮನುಷ್ಯರ ಹೆಸರೋ ಎಂದು ವಿಚಾರಿಸಿದವರು ಸ್ವಲ್ಪ ಜನರು. ಅದು ಒಂದು ಮನೆತನದ ಹೆಸರು. ಆ ಮನೆತನವನ್ನು ಕಬ್ಬಿಣದ ಕೆಲಸಕ್ಕೆ ಹಚ್ಚಿದ ಲಕ್ಷ್ಮಣರಾಯರು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯವರೇ. ಆದಕಾರಣ ಅವರ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ನೆಯ ತಾರೀಖಿನಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮರಾಠಿ ಸಂಗೀತ ನಾಟಕಗಳಿಂದ ಪ್ರಸಿದ್ಧರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಆ ಊರಿನವರೇ. ತಂದೆಯಾದ ಕಾಶಿನಾಥಪಂತರು ವೇದಾಂತದಲ್ಲಿ ಪಂಡಿತರು. ಅಂಥ ಬ್ರಾಹ್ಮಣರ ಮನೆಯ ಹುಡುಗನು ಓದಿ ಸರಕಾರಿ ಚಾಕರಿ ಹಿಡಿಯುವದು ಆ ಕಾಲದ ರೂಢಿ. ಈ ಹುಡುಗನ ಮನಸ್ಸಾದರೋ ಚಿತ್ರ ಬರೆಯುವದರಲ್ಲಿಯೂ ಯಂತ್ರಗಳಲ್ಲಿಯೂ ಇತ್ತು. ತಂದೆಗೆ ಇದು ಸರಿಬೀಳಲಿಲ್ಲ. ಆಗ ಅಣ್ಣನಾದ ರಾಮುಅಣ್ಣನವರು ತಮ್ಮನ ಕೈ ಹಿಡಿದು, ಹಣವನ್ನು ಒದಗಿಸಿ, 1885ರಲ್ಲಿ ಅವನನ್ನು ಮುಂಬಯಿಯ ಜೆ. ಜೆ. ಚಿತ್ರಕಲಾ ಶಾಲೆಗೆ ಕಳುಹಿಸಿದರು. ಈ ಚರಿತ್ರೆಯಲ್ಲಿ ತಮ್ಮನ ಹೆಸರು ದೊಡ್ಡದಾಯಿತು. ಆದರೆ ಅಣ್ಣನಿಲ್ಲದಿದ್ದರೆ ಬರೆಯುವದಕ್ಕೆ ಚರಿತ್ರೆಯೇ ಇರುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಶಾಲೆಯಲ್ಲಿ ಎರಡು ವರುಷ ಕಳೆಯುವಷ್ಟರಲ್ಲಿ ಲಕ್ಷ್ಮಣರಾಯರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬದು ಗೊತ್ತಾಯಿತು. ಚಿತ್ರಕಾರನಿಗೆ ಇದಕ್ಕಿಂತ ಹೆಚ್ಚಿನ ಕೇಡು ಯಾವದು? ಅವರು ಬಣ್ಣವನ್ನು ಬಿಟ್ಟು, ಗೆರೆಯನ್ನು ಬಿಡದೆ, ಯಂತ್ರಗಳ ನಕ್ಷೆ ತೆಗೆಯುವದನ್ನು ಕಲಿತರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾಗಿ, ಬಿಡುವಿನ ಹೊತ್ತಿನಲ್ಲಿ ಅಲ್ಲಿಯ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಅವುಗಳ ಮರ್ಮವನ್ನು ತಿಳಿದುಕೊಂಡರು. ಆ ದಿನಗಳಲ್ಲಿಯೇ ಅಣ್ಣತಮ್ಮಂದಿರು ಸೇರಿ ಸೈಕಲ್ ವ್ಯಾಪಾರವನ್ನು ಮಾಡಿದರು. ತಮ್ಮನು ಮುಂಬಯಿಯಲ್ಲಿ ಕೊಂಡು ಕಳುಹಿಸುವನು, ಅಣ್ಣನು ಬೆಳಗಾವಿಯಲ್ಲಿ ಮಾರುವನು. 1888ರಿಂದ ಮನೆತನದವರು ತಮ್ಮ ಉದ್ಯೋಗದ ಲೆಕ್ಕವನ್ನು ಹಿಡಿಯುತ್ತಾರೆ. ಕೆಲವು ವರುಷಗಳ ಮೇಲೆ ತಮಗೆ ಸಲ್ಲಬೇಕಾಗಿದ್ದ ಬಡತಿಯು ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಹೋಗಲು, ಲಕ್ಷ್ಮಣರಾಯರು ಚಾಕರಿಯನ್ನು ಬಿಟ್ಟು ಬೆಳಗಾವಿಗೆ ಬಂದರು.

ಅಲ್ಲಿ ಚಿಕ್ಕದೊಂದು ಕಾರ್ಖಾನೆಯಲ್ಲಿ ಮೊದಲು ದನಗಳ ಮೇವು ಕತ್ತರಿಸುವ ಯಂತ್ರವನ್ನು ಮಾಡಿದರು. ಬಳಿಕ 1903ರಲ್ಲಿ ಕಬ್ಬಿಣದ ನೇಗಿಲನ್ನು ಮಾಡಿದರು. ನಮ್ಮ ಹಿರಿಯರ ನೇಗಿಲು ಕಟ್ಟಿಗೆಯದು, ಕುಳವೊಂದೇ ಕಬ್ಬಿಣದ್ದು. ಅದು ಮಣ್ಣನ್ನು ಗೀರುವದೇ ಹೊರತು ಮಗುಚಲಾರದು. ಹೊಸ ನೇಗಿಲು ಆಳಕ್ಕೆ ಇಳಿದು, ಹೆಂಟೆಯನ್ನು ತಿರುವಿ ಹಾಕಿ, ಕರಿಕೆಯ ಬೇರನ್ನು ಬಿಸಿಲಿಗೆ ತರುತ್ತಿತ್ತು. ಇಷ್ಟು ಗುಣವಿದ್ದರೂ ಕೊಳ್ಳುವವರಿಲ್ಲ! ಕಬ್ಬಿಣವು ಭೂಮಿಗೆ ವಿಷವೆಂದು ರೈತರು ನಂಬಿದ್ದರು. ಮೊದಲನೆಯ ನೇಗಿಲು ಮಾರಿಹೋಗುವದಕ್ಕೆ ಎರಡು ವರುಷಗಳು ಬೇಕಾದವು.

ಇದನ್ನು ಕೇಳಿ ನಗುವವರಿದ್ದಾರೆ. ನಾವು ನಗಲಾರೆವು. ಕಟ್ಟಿಗೆಯ ನೇಗಿಲು ಮುರಿದರೆ ಊರ ಬಡಿಗನು ತಿದ್ದಿಕೊಡುವನು, ಕಂಬಾರನು ಕುಳವನ್ನು ಬಡಿದುಕೊಡುವನು. ಸುಗ್ಗಿಯಲ್ಲಿ ಇಬ್ಬರಿಗೂ ಆಯದ ಕಾಳು ಅಳೆದರೆ ತೀರಿತು. ಕಬ್ಬಿಣದ್ದಕ್ಕೆ ರೊಕ್ಕವನ್ನು ಎಣಿಸಬೇಕು. ಉಳುಮೆಯ ಹದದಲ್ಲಿ ಅದು ಮುರಿದರೆ ತಿದ್ದುವವರು ಯಾರು? ಒಂದು ಮಳೆ ತಪ್ಪಿದರೆ ವರುಷದ ಅನ್ನವೇ ತಪ್ಪುವ ಬಡವನು ಪರರ ಮಾತನ್ನು ನಂಬಿ ಹೊಲದಲ್ಲಿ ಪರೀಕ್ಷೆ ಮಾಡುವದು ಹಗುರವಾದ ಸಂಗತಿಯಲ್ಲ. ಲಕ್ಷ್ಮಣರಾಯರ ದೊಡ್ಡಸ್ತಿಕೆಯು ಎರಕಕ್ಕಿಂತಲೂ ಈ ಎರಡು ವರುಷಗಳ ತಾಳ್ಮೆಯಲ್ಲಿದೆ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಹಿಂದೆ ಬಾಂಗುರ್ ಮನೆತನದ ವ್ಯಾಪಾರದ ಬಂಡವಾಳವಿತ್ತು. ಇವರ ಹಿಂದೆ ಅಣ್ಣನೊಬ್ಬನ ಹೊರತು ಯಾರಿದ್ದರು?

ನೇಗಿಲುಗಳು ಮಾರತೊಡಗಿದ ಮೇಲೆ ಇನ್ನೊಂದು ಸಂಕಟ ಬಂತು. ತಿಳಕವಾಡಿ ಎಂಬ ಹೊಸ ಪೇಟೆಗೋಸ್ಕರ ಬೆಳಗಾವಿಯ ಮುನಸಿಪಾಲಿಟಿಯವರು ಅವರ ಜಾಗವನ್ನು ಬಿಡಿಸಿದರು. ಆಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು ಕುಂಡಲ ರೋಡ್ ಸ್ಟೇಶನಿನ ಹತ್ತಿರ 32 ಎಕರೆ ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ನೆಲವೆಂದರೆ ಪಾಪಾಸುಕಳ್ಳಿ, ಹಾವು, ಕಲ್ಲು. 1910ರಲ್ಲಿ ಕೆಲವು ಕುಟುಂಬಗಳು ಅಲ್ಲಿಗೆ ಹೋಗಿ, ಕಳ್ಳಿಯನ್ನು ಕಡಿದು, ಊರನ್ನೂ ಕಾರ್ಖಾನೆಯನ್ನೂ ಒಟ್ಟಿಗೆ ಕಟ್ಟಿದವು. ಅದೇ ಕಿರ್ಲೋಸ್ಕರವಾಡಿ. ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆಯಿಂದ ಬಿಡುಗಡೆ ಹೊಂದಿದವರನ್ನು ಕರೆದು ರಾತ್ರಿಯ ಕಾವಲಿಗೆ ನೇಮಿಸಿದರೆಂಬದು ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ. ಮೊದಲನೆಯ ಮಹಾಯುದ್ಧದಲ್ಲಿ ಕಬ್ಬಿಣ ಸಿಕ್ಕದೆ ಹೋಗಲು, ಕೊಲ್ಲಾಪುರದ ಶಾಹು ಮಹಾರಾಜರು ತಮ್ಮ ಕೋಟೆಗಳ ಹಳೆಯ ತೋಪುಗಳನ್ನು ಮಾರಿದರು. ಅವು ಕರಗಿ ನೇಗಿಲುಗಳಾದವು.

1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಎಂಬ ಕಂಪನಿಯು ನಿಂತಿತು. ಮಗನಾದ ಶಂತನುರಾಯರು 1922ರಲ್ಲಿ ದಾಯಾದಿಯಾದ ಮಾಧವನೊಂದಿಗೆ ಅಮೇರಿಕಕ್ಕೆ ಕಲಿಯಲು ಹೋದರು. ಮಾಧವನು ಕ್ಷಯರೋಗದಿಂದ ಅಲ್ಲಿಯೇ ತೀರಿಕೊಂಡನು. ಶಂತನುರಾಯರು 1926ರಲ್ಲಿ ಯಂತ್ರಶಾಸ್ತ್ರದ ಪದವಿ ಪಡೆದು ಮರಳಿದರು. ಮುಂದೆ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನುಗಳ ಕಾರ್ಖಾನೆ, ಅದೇ ವರುಷ ಬೆಂಗಳೂರಿನಲ್ಲಿ ಇನ್ನೊಬ್ಬ ಮಗನಾದ ರವಿಯವರ ವಿದ್ಯುತ್ ಯಂತ್ರಗಳ ಕಾರ್ಖಾನೆ, ಹೀಗೆ ಕೊಂಬೆಗಳು ಹಬ್ಬಿದವು.

1948ರಲ್ಲಿ ಗಾಂಧಿಯವರ ಕೊಲೆಯಾದಾಗ, ಕೊಂದವನು ಬ್ರಾಹ್ಮಣನೆಂಬ ಕಾರಣದಿಂದ ಆ ಸೀಮೆಯಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಜಾತಿಯ ಗೋಡೆಯನ್ನು ಕೆಡವಿದ ಕಿರ್ಲೋಸ್ಕರವಾಡಿಯನ್ನೂ ಜನರ ಗುಂಪು ಸುಟ್ಟಿತು. ಲಕ್ಷ್ಮಣರಾಯರಿಗೆ ಆಗ 78 ವರುಷ. ಕಾರ್ಖಾನೆಯನ್ನು ಪುನಃ ಕಟ್ಟಿದರು.

ಅವರು 1956ನೆಯ ಸೆಪ್ಟೆಂಬರ್ 26ರಂದು ತೀರಿಕೊಂಡರು. ನೂರು ವರುಷದ ನೆನಪಿಗಾಗಿ 1969ರಲ್ಲಿ ಸರಕಾರದವರು ಅವರ ಅಂಚೆಚೀಟಿಯನ್ನು ಹೊರಡಿಸಿದರು. ಹರಿಹರದ ಕಾರ್ಖಾನೆಯು ಮುಚ್ಚಿಹೋಗಿದೆ. ಅಣ್ಣತಮ್ಮಂದಿರ ನಂಬಿಕೆಯಿಂದ ಹುಟ್ಟಿದ ಆ ಮನೆತನದಲ್ಲಿ ಈಗಿನ ತಲೆಮಾರಿನ ಅಣ್ಣತಮ್ಮಂದಿರು ಪಾಲಿನ ಕರಾರಿನ ವಿಷಯವಾಗಿಯೂ ಹೆಸರಿನ ಹಕ್ಕಿನ ವಿಷಯವಾಗಿಯೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ್ದಾರೆ. 2021ರಲ್ಲಿ ಸುಪ್ರೀಮ್ ಕೋರ್ಟು ಅವರಿಗೆ ಮಧ್ಯಸ್ಥಿಕೆಯಿಂದ ಒಂದಾಗುವಂತೆ ಸೂಚಿಸಿತು. ಕಿರ್ಲೋಸ್ಕರವಾಡಿಯಲ್ಲಿ ಪಂಪುಗಳ ಕೆಲಸವು ನಡೆದೇ ಇದೆ.