ರಕ್ತದ ದಾರಿ ತೋರಿಸಿದ ಇಬ್ನ್ ಅಲ್-ನಫೀಸ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಎಲ್ಲಿ ಆಸ್ಪತ್ರೆಗೆ ಹೋದರೂ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡುತ್ತಾರೆ. ಹೃದಯ ತಳ್ಳಿದ ರಕ್ತವು ಅಪಧಮನಿಗಳ ಗೋಡೆಯ ಮೇಲೆ ಹಾಕುವ ಒತ್ತಡವೇ ಬಿ.ಪಿ. ಆ ರಕ್ತ ಸಾಗುವ ದಾರಿಯ ಒಂದು ಮುಖ್ಯ ಭಾಗವನ್ನು ಮೊದಲು ಸರಿಯಾಗಿ ವಿವರಿಸಿದವರು ಇಬ್ನ್ ಅಲ್-ನಫೀಸ್.

ಅವರು 1213ರಲ್ಲಿ ಸಿರಿಯಾದ ಡಮಾಸ್ಕಸ್ ಬಳಿ ಹುಟ್ಟಿದರು. ಅಲ್ಲಿನ ನೂರಿ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಕಲಿತು, ಈಜಿಪ್ಟಿನ ಕೈರೋದಲ್ಲಿ ಹೆಸರಾಂತ ವೈದ್ಯರಾದರು.

ಹೃದಯದ ನಡುಗೋಡೆಯಲ್ಲಿ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಬಲದಿಂದ ಎಡಕ್ಕೆ ಹೋಗುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲನ್ ಕಲಿಸಿದ್ದರು. ಸಾವಿರ ವರ್ಷ ಎಲ್ಲರೂ ಅದನ್ನೇ ನಂಬಿದ್ದರು. 1242ರಲ್ಲಿ, 29ನೇ ವಯಸ್ಸಿನಲ್ಲಿ, ಇಬ್ನ್ ಸೀನಾ ಅವರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಾ ಇಬ್ನ್ ಅಲ್-ನಫೀಸ್ ಇದನ್ನು ಒಪ್ಪಲಿಲ್ಲ. ಆ ಗೋಡೆ ದಪ್ಪವಾಗಿದೆ, ಅದರಲ್ಲಿ ರಂಧ್ರವಿಲ್ಲ ಎಂದರು. ಬಲ ಹೃತ್ಕುಕ್ಷಿಯ ರಕ್ತ ಅಪಧಮನಿಯಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು, ಅಭಿಧಮನಿಯಿಂದ ಎಡಭಾಗಕ್ಕೆ ಬರುತ್ತದೆ ಎಂದು ವಿವರಿಸಿದರು. ಶ್ವಾಸಕೋಶದ ಆ ಎರಡು ನಾಳಗಳ ನಡುವೆ ಸೂಕ್ಷ್ಮ ದಾರಿಗಳಿರಬೇಕು ಎಂದೂ ಊಹಿಸಿದರು. ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ ಲೋಮನಾಳಗಳನ್ನು ಕಂಡದ್ದು 1661ರಲ್ಲಿ.

1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಇಡೀ ದೇಹದ ರಕ್ತ ಪರಿಚಲನೆಯನ್ನು ವಿವರಿಸಿ ಪ್ರಸಿದ್ಧರಾದರು. ಇಬ್ನ್ ಅಲ್-ನಫೀಸ್ ಅವರ ಕೆಲಸ ಮಾತ್ರ ಮರೆತುಹೋಯಿತು. 1924ರಲ್ಲಿ ಈಜಿಪ್ಟಿನ ವೈದ್ಯ ತತಾವಿ ಬರ್ಲಿನ್ ಗ್ರಂಥಾಲಯದಲ್ಲಿ ಆ ಹಸ್ತಪ್ರತಿಯನ್ನು ಕಂಡಾಗಲೇ ಬಾಕಿ ಉಳಿದಿದ್ದ ಗೌರವ ಅವರ ಖಾತೆಗೆ ಬಂತು.

1288ರಲ್ಲಿ ಕೈರೋದಲ್ಲಿ ತೀರಿಕೊಂಡ ಅವರು ತಮ್ಮ ಮನೆ, ಪುಸ್ತಕಗಳನ್ನು ಮನ್ಸೂರಿ ಆಸ್ಪತ್ರೆಗೆ ಬಿಟ್ಟುಕೊಟ್ಟಿದ್ದರು. ಹಿರಿಯರ ಗ್ರಂಥವನ್ನು ಗೌರವದಿಂದ ಓದುತ್ತಲೇ ಅದರಲ್ಲಿನ ತಪ್ಪನ್ನೂ ತೋರಿಸಬಹುದು ಎಂಬುದು ವಿದ್ಯಾರ್ಥಿಗಳಾದ ನಮಗೆ ಅವರ ಬಾಳಿನ ಪಾಠ.